ಕೆಂಪು ಬ್ಯಾಡ್ರಿ, ನೀಲಿ ತೋರಸ್ರಿ

ಹೋದ ತಿಂಗಳು ಅವ್ವನನ್ನು ಕರಕೊಂಡು ಹುನಗುಂದದಿಂದ ಇಳಕಲ್ಲಿಗೆ ಹೋಗಿದ್ದೆ, ಸೀರೆ ತರೋಕೆ. ಅಪ್ಪ ಹೋದಮೇಲೆ ಅವಳು ತಗೊಳ್ತಿದ್ದ ಮೊದಲ ಸೀರೆ.

"ಒಡಲು ಕೆಂಪಿದ್ರ ಚೊಲೊ, ಇಲ್ಲಂದ್ರ ಬ್ಯಾರೆ ತೋರಸ್ರಿ" ಅಂದಳು. ಅಂಗಡಿಯವರು ಹತ್ತು ಹನ್ನೆರಡು ಕೆಂಪು ಸೀರೆ ಹರವಿದರು. "ದಡಿ ಸಣ್ಣದಿದ್ರ ಇನ್ನೂ ಚೊಲೊ." ಅವರು ಕೂತಲ್ಲಿಂದ ಏಳಲಿಲ್ಲ. ಹರವಿದ್ದರಲ್ಲೇ ದೊಡ್ಡ ದಡಿಯವನ್ನು ಸರಿಸಿದರು, ನಾಲ್ಕು ಉಳಿದವು. ಅವ್ವ ಸುಮಾರು ಹೊತ್ತು ನೋಡಿದಳು. ಆಮೇಲೆ, "ಕೆಂಪು ಬ್ಯಾಡ್ರಿ, ನೀಲಿ ತೋರಸ್ರಿ." ಅವರು ಯಾಕೆ ಅಂತ ಕೇಳಲಿಲ್ಲ. ಎಲ್ಲ ಮಡಚಿಟ್ಟು ಎದ್ದು ಕಪಾಟಿಗೆ ಹೋದರು. ತಂದಿದ್ದು ಸಣ್ಣ ದಡಿಯ ನೀಲಿ ಸೀರೆಗಳನ್ನೇ!

ನಾನು ಡೇಟಾಬೇಸ್ ನಂಬಿ ಹೊಟ್ಟೆ ಹೊರೆಯುವವನು. ಇದೇ ವಿಷಯದ ಮೇಲೆ ಬಫಲೋ ವಿಶ್ವವಿದ್ಯಾಲಯದ ಯಾನ್ ಖೊಮಿಟ್ಸ್ಕಿ ಬರೆದ ಪ್ರಬಂಧವೊಂದು 2007ರಲ್ಲಿ ಪ್ರಕಟವಾಗಿದೆ. ತನಗಿಂತ ಹೆಚ್ಚು ಇಷ್ಟವಾದ ಇನ್ನೊಂದು ಇಲ್ಲದಂಥ ಸಾಲುಗಳನ್ನಷ್ಟೇ ಉಳಿಸಿಕೊಳ್ಳುವುದಕ್ಕೆ ಅವರು 'ವಿನ್ನೋ' ಅಂತಾರೆ. ನಮ್ಮ ಕಣದಾಗ ರಾಶಿ ತೂರೋದು ಅಂದ್ಕೊಳ್ಳಿ. ಬರೀ 'ಕೆಂಪು ಬೇಕು' ಅಂತ ಫಿಲ್ಟರ್ ಹಾಕಿದರೆ, ಕೆಂಪು ಇಲ್ಲದಾಗ ಸಿಗೋದು ಸೊನ್ನೆ. ಇಷ್ಟ ಅಂತ ಹೇಳಿದರೆ ಉಳಿದಿದ್ದರಲ್ಲಿ ಒಳ್ಳೆಯದು ಬರುತ್ತದೆ.

ಹಳೆಯ ಇಷ್ಟ ಹಾಗೇ ಇದ್ದು ಮೇಲೊಂದು ಸೇರಿದರೆ ಹೊಸ ಉತ್ತರ ಹಳೆ ಉತ್ತರದೊಳಗೇ ಇರುತ್ತದೆ, ಇಡೀ ಟೇಬಲ್ ಜಾಲಾಡಬೇಕಿಲ್ಲ. ಇಷ್ಟ ತಿರುಗಿದರೆ ಮಾತ್ರ ಕಪಾಟಿಗೆ ಹೋಗಲೇಬೇಕು. ಆಗ ಸೋತದ್ದು ಈಗ ಗೆಲ್ಲಬಹುದಲ್ಲ? (ಕೆಂಪಿಗಿಂತ ನೀಲಿ, ನೀಲಿಗಿಂತ ಹಸಿರು, ಹಸಿರಿಗಿಂತ ಕೆಂಪು ಅನ್ನುವವರು ಬಂದರೆ ಲೆಕ್ಕವೇ ಕೆಡುತ್ತದೆ. ನಮ್ಮ ಚಿಗವ್ವ ಥೇಟ್ ಹಾಗೆ!)

ಆದರೆ ನಾನು ಮೆಚ್ಚಿದ್ದು ಆ ಸಣ್ಣ ದಡಿಯನ್ನು. ಬಣ್ಣದ ಮಾತು ಬದಲಾಯಿತು, ದಡಿಯ ಮಾತನ್ನು ಯಾರೂ ಹಿಂತೆಗೆದುಕೊಂಡಿರಲಿಲ್ಲ. ನಮ್ಮ ಸೈಟುಗಳಿಗೆ ಇದೇ ಬರಲ್ಲ ನೋಡಿ. ಒಂದೋ ಎಲ್ಲ ಮರೆತು ಮೊದಲಿಂದ ಶುರು ಮಾಡುತ್ತವೆ, ಇಲ್ಲಾ ಹಳೆಯದಕ್ಕೇ ಜೋತುಬೀಳುತ್ತವೆ. ತಂಗಿಯ ಮದುವೆಗೆ ಅಂತ ಅವ್ವನ ಫೋನಿನಿಂದ ಒಂದು ಸೈಟಿನಲ್ಲಿ ಕೆಂಪು ಸೀರೆ ತರಿಸಿದ್ದೆ. ಅಪ್ಪ ಇದ್ದಾಗಿನ ಮಾತು. ಅದು ಇವತ್ತಿಗೂ ಅವಳಿಗೆ ಮದುವಣಗಿತ್ತಿಯ ಸೀರೆಗಳನ್ನೇ ತೋರಿಸುತ್ತದೆ, 'ನಿಮಗೆ ಇಷ್ಟವಾಗಬಹುದು' ಅಂತ. ಇದನ್ನು ಬರೀ ಸಣ್ಣ ಬಗ್ ಅನ್ನಲು ನನಗೆ ಮನಸ್ಸಿಲ್ಲ.

ನಿಮ್ಮಲ್ಲಿ ಇಂಥ ಕೋಡ್ ಬರೆಯುವವರು ಇದ್ದೇ ಇರ್ತೀರಿ. ಹೊಸ ಮಾತಿಗೆ ಮೊದಲ ಮಣೆ, ಅದು ಮುಟ್ಟದ ಕಡೆ ಹಳೆ ಮಾತು. ಇಷ್ಟಾದರೂ ಮಾಡ್ರೀಪಾ.