ಲಾಲ್‌ಬಾಗಿಗೆ ಒಂದೇ ಗಂಟೆ ಸಾಲದು

ಡಿಸೆಂಬರ್ ಬಂತೆಂದರೆ ಮಲೆನಾಡಿನ ಶಾಲೆಗಳ ಪ್ರವಾಸದ ಬಸ್ಸುಗಳು ಬೆಂಗಳೂರಿನತ್ತ ಹೊರಡುತ್ತವೆ. ವಿಧಾನಸೌಧ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಗಳ ನಡುವೆ ಲಾಲ್‌ಬಾಗಿಗೆ ದೊರೆಯುವುದು ಹೆಚ್ಚೆಂದರೆ ಒಂದು ಗಂಟೆ. ಗಾಜಿನ ಮನೆಯ ಮುಂದೆ ಗುಂಪು ಛಾಯಾಚಿತ್ರ, ಬಳಿಕ ತಲೆ ಎಣಿಕೆ, ಮತ್ತೆ ಬಸ್ಸು. ನಲವತ್ತು ಮಕ್ಕಳನ್ನು ನಗರದಲ್ಲಿ ಕಾಯುವ ಶಿಕ್ಷಕರ ಆತಂಕವನ್ನು ಬಲ್ಲವರು ಈ ಅವಸರವನ್ನು ಹಳಿಯಲಾರರು. ಆದರೂ ಕಾಡಿನ ಅಂಚಿನಿಂದ ಬಂದ ಮಕ್ಕಳು ಇಂಥ ಚಾರಿತ್ರಿಕ ಸಸ್ಯತೋಟವನ್ನು ಬರಿಯ ಹೂವಿನ ಅಲಂಕಾರವೆಂದು ನೋಡಿ ಹಿಂದಿರುಗುವುದು ಸಣ್ಣ ನಷ್ಟವಲ್ಲ.

1760ರಲ್ಲಿ ಹೈದರಾಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಅದು ವಿಹಾರಸ್ಥಳ ಮಾತ್ರವಾಗಿರಲಿಲ್ಲ. ಹೊರನಾಡಿನ ಸಸ್ಯಗಳನ್ನು ತರಿಸಿ ಇಲ್ಲಿನ ಮಣ್ಣು, ಮಳೆಗಳಿಗೆ ಒಗ್ಗಿಸುವ ಪ್ರಯೋಗಶಾಲೆಯೂ ಆಗಿತ್ತು. 1874ರಲ್ಲಿ ಇದರ ಹೊಣೆ ಹೊತ್ತ ಜಾನ್ ಕ್ಯಾಮರಾನ್ ಪರಿಚಯಿಸಿದವುಗಳಲ್ಲಿ ಸೀಮೆಬದನೆಯೂ ಒಂದು. ಮಧ್ಯ ಅಮೆರಿಕದ ಆ ಬಳ್ಳಿ ಇಂದು ಮಲೆನಾಡಿನ ಹಿತ್ತಲಿನ ಚಪ್ಪರವೇರಿದೆ. ಸಾಂಬಾರಿಗೆ ಅದನ್ನು ಹೆಚ್ಚುವ ಅಜ್ಜಿಗೆ ಅದು ಪರದೇಶದ್ದೆನ್ನಿಸದು. ಹೆಸರಿನೊಳಗಿನ ‘ಸೀಮೆ’ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ಬೀಜವನ್ನು ಬಿಡಿಸದೆ ಇಡೀ ಕಾಯನ್ನೇ ನೆಡುವುದೇಕೆ ಎಂಬ ಪ್ರಶ್ನೆಯೊಂದೇ ಒಂದು ಪಾಠದ ಅವಧಿಗೆ ಸಾಕು.

ಸಸ್ಯಗಳ ವಲಸೆಗೆ ಮತ್ತೊಂದು ಮುಖವೂ ಇದೆ. ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಅನೇಕ ಕಾಫಿ ತೋಟಗಳಲ್ಲಿ ಅತ್ತಿ, ಬಸರಿ, ಹಲಸುಗಳ ಎಡೆಯನ್ನು ಹಿಡಿದಿದೆ. ಬೇಗ ಬೆಳೆಯುತ್ತದೆ, ಕಡಿದು ಮಾರಲು ಕಾನೂನಿನ ತೊಡಕು ಕಡಿಮೆ. ಬೆಳೆಗಾರನ ಲೆಕ್ಕ ತಪ್ಪೆನ್ನಲಾಗದು. ಆದರೆ ಮಂಗಟ್ಟೆ ಹಕ್ಕಿಗೆ ಅದರಲ್ಲಿ ತಿನ್ನುವ ಹಣ್ಣಿಲ್ಲ. ಅಂದದ ಗಿಡವೆಂದು ಭಾರತಕ್ಕೆ ತಂದ ಲಂಟಾನವಂತೂ ಕಾಡಿನ ನೆಲವನ್ನೇ ನುಂಗುತ್ತಿದೆ. ಇವೆಲ್ಲ ಲಾಲ್‌ಬಾಗಿನಿಂದಲೇ ಹರಡಿದವೆಂದಲ್ಲ. ತಂದು ನೆಟ್ಟ ಗಿಡಗಳಲ್ಲಿ ಒಂದು ಅನ್ನವಾಗಿ, ಇನ್ನೊಂದು ಕಳೆಯಾಗುವ ಬಗೆಯನ್ನು ಚರ್ಚಿಸಲು ಅದಕ್ಕಿಂತ ತಕ್ಕ ಸ್ಥಳ ವಿರಳ.

ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯ ಮೇಲೆ ಮಕ್ಕಳು ಜಾರಿ ಆಡುತ್ತಾರೆ, ಆಡಲಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಅಲ್ಲಿಯೇ ಹೇಳಿದರೆ ಭೂಗೋಳದ ಪುಸ್ತಕ ಹೇಳಲಾರದ್ದು ಅಂಗಾಲಿಗೆ ತಿಳಿಯುತ್ತದೆ.

ಆದ್ದರಿಂದ ಪ್ರವಾಸದ ಪಟ್ಟಿಯಿಂದ ಒಂದೆರಡು ಕಟ್ಟಡಗಳನ್ನು ಬಿಟ್ಟು, ತೋಟಕ್ಕೆ ಬೆಳಗಿನ ಅರ್ಧ ದಿನವನ್ನು ಮೀಸಲಿಡಬೇಕು. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲು ಈ ಕೆಲಸಕ್ಕೆ ಸಲ್ಲದು. ಹೊರಡುವ ಮುನ್ನ ಪ್ರತಿ ಮಗುವೂ ತನ್ನ ಹಿತ್ತಲಿನ ಹತ್ತು ಗಿಡಗಳನ್ನು ಪಟ್ಟಿ ಮಾಡಿ, ಊರಿನದು ಯಾವುದು, ಹೊರಗಿನದು ಯಾವುದು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ತೋಟದ ಮರಗಳ ನಾಮಫಲಕಗಳೊಡನೆ ಅದನ್ನು ಹೋಲಿಸಿ ತಿದ್ದಲಿ. ಪ್ರವಾಸದ ಹಣ ಹೊಂದಿಸಲಾಗದೆ ಊರಲ್ಲೇ ಉಳಿದ ಸಹಪಾಠಿಗಳು ತರಗತಿಯಲ್ಲಿರುತ್ತಾರೆ. ಮರಳಿದ ಮೊದಲ ದಿನ ಆ ತಿದ್ದಿದ ಪಟ್ಟಿಯನ್ನು ಅವರೆದುರು ಓದಲಿ.