ಧರ್ಮಪ್ರಚಾರಕರ ಮನೆಮಂದಿ



ನಮ್ಮಂಥ ಗುರುಗಳು ದೂರದೂರಿಗೆ ಹೊರಡಲು ಒಂದು ಪೆಟ್ಟಿಗೆ ಸಾಕು. ಬ್ಯಾಪ್ಟಿಸ್ಟ್ ಧರ್ಮಪ್ರಚಾರಕರ ವಿಷಯ ಹಾಗಲ್ಲ. ಹೆಂಡತಿ ಮಕ್ಕಳೂ ಜೊತೆಗೇ ಹೊರಡುತ್ತಾರೆ. 1817ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದ ವಿಲಿಯಂ ಕ್ಯಾರಿಯವರ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತು. ಅವರ ಪತ್ನಿ ಡೊರೊಥಿಯ ಹೆಸರು ಗೊತ್ತಿರುವವರು ಕಡಿಮೆ.

ಇಂಗ್ಲೆಂಡು ಬಿಟ್ಟು ಬರಲು ಡೊರೊಥಿ ಮೊದಲು ಒಪ್ಪಲಿಲ್ಲ. ತಂಗಿ ಕಿಟ್ಟಿಯೂ ಬರುವುದಾದರೆ ಆಗಲಿ ಎಂದರು. 1793ರ ನವೆಂಬರಿನಲ್ಲಿ ಕೈಗೂಸು ಸೇರಿ ನಾಲ್ಕು ಗಂಡುಮಕ್ಕಳೊಂದಿಗೆ ಬಂಗಾಳಕ್ಕೆ ಬಂದಿಳಿದರು. ತಂದ ಹಣ ಬೇಗ ಕರಗಿತು. ನೆಲೆ ಹುಡುಕಿ ಊರೂರು ಅಲೆದರು. ತಾಯಿಗೂ ಹಿರಿಮಗನಿಗೂ ರಕ್ತಭೇದಿ. ಊರಿನ ಪತ್ರ ಬರಲು ತಿಂಗಳುಗಳೇ ಬೇಕು. 1794ರಲ್ಲಿ ಐದು ವರ್ಷದ ಪೀಟರ್ ತೀರಿಕೊಂಡ. ಆ ತಾಯಿಯ ಮನಸ್ಸು ಕದಡಿಹೋಯಿತು. 1807ರಲ್ಲಿ ಸಾಯುವ ತನಕ ನೆಟ್ಟಗಾಗಲಿಲ್ಲ.

1800ರಲ್ಲಿ ಶ್ರೀರಾಂಪುರದಲ್ಲಿ ಬೇರೆ ಮಿಷನರಿ ಕುಟುಂಬಗಳು ಜೊತೆಯಾದವು. ಒಟ್ಟಿಗೇ ವಾಸ, ಒಟ್ಟಿಗೇ ಊಟ, ಎಲ್ಲರ ದುಡಿಮೆಗೂ ಒಂದೇ ಗಂಟು. ಶಾಲೆ ನಡೆಸುತ್ತಿದ್ದ ಹನ್ನಾ ಮಾರ್ಷ್‌ಮನ್ ಕ್ಯಾರಿಯವರ ಮಕ್ಕಳನ್ನೂ ನೋಡಿಕೊಂಡರು. ಶನಿವಾರ ಸಂಜೆ ಎಲ್ಲರೂ ಕುಳಿತು ವಾರದ ಮನಸ್ತಾಪಗಳನ್ನು ತೀರಿಸಿಕೊಳ್ಳುತ್ತಿದ್ದರು. ಡೊರೊಥಿಯ ಪಾಲಿಗೆ ಮಾತ್ರ ಈ ಆಸರೆ ತಡವಾಗಿ ಬಂತು.

ಧರ್ಮಪ್ರಚಾರಕ್ಕೆ ಹೋದವರಿಗಾಗಿ ನಾವು ಪ್ರಾರ್ಥಿಸುತ್ತೇವೆ, ಕಾಣಿಕೆ ಹಾಕುತ್ತೇವೆ. ಅವರ ಮನೆಯವರನ್ನೂ ನೆನೆಯೋಣ. ಗಂಡನ ಕೆಲಸಕ್ಕಾಗಿ ಭಾಷೆ ಬಾರದ ಊರಿಗೆ ಬಂದ ಹೆಣ್ಣುಮಗಳು ನಮ್ಮ ಧರ್ಮಕೇಂದ್ರದಲ್ಲೂ ಇದ್ದಾಳು. ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಆಕೆಯ ಬಳಿ ಒಂದು ಗಳಿಗೆ ನಿಂತು, "ಮಕ್ಕಳು ಹೇಗಿದ್ದಾರಮ್ಮಾ? ಮನೆಗೊಮ್ಮೆ ಬಾ" ಎನ್ನೋಣ.