ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಮ್ಮ ಹಿರಿಯರು ಮಕ್ಕಳನ್ನು ತಿದ್ದುವುದಕ್ಕಾಗಿ ಹೇಳುತ್ತಿದ್ದರು. ಈಗ ಅದನ್ನು ದೊಡ್ಡ ದೊಡ್ಡ ಕಂಪೆನಿಗಳಿಗೆ ಹೇಳಬೇಕಾಗಿ ಬಂದಿದೆ.

ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಕಂಪೆನಿಯ ಸಂಗತಿಯನ್ನೇ ನೋಡಿರಿ. 2017ನೆಯ ಇಸವಿ ಏಪ್ರಿಲ್ 9ರಂದು ಚಿಕಾಗೋದಿಂದ ಲೂಯಿವಿಲ್ಲಿಗೆ ಹೊರಡಲಿದ್ದ ವಿಮಾನದಲ್ಲಿ ಪ್ರಯಾಣಿಕರು ಕುಳಿತಾದ ಮೇಲೆ ಕಂಪೆನಿಯ ನಾಲ್ವರು ನೌಕರರಿಗೆ ಸ್ಥಳ ಬೇಕಾಯಿತು. 800 ಡಾಲರುಗಳ ಆಸೆ ತೋರಿಸಿದರೂ ಯಾರೂ ಏಳಲಿಲ್ಲ. ಆಗ ಇಳಿಯಬೇಕಾದ ನಾಲ್ವರನ್ನು ಕಂಪೆನಿಯೇ ಆರಿಸಿತು. ಅವರಲ್ಲೊಬ್ಬರು 69 ವರ್ಷದ ವೈದ್ಯರು. ಮರುದಿನ ರೋಗಿಗಳನ್ನು ನೋಡಬೇಕಾಗಿದೆ, ಇಳಿಯಲಾರೆನೆಂದರು. ನಿಲ್ದಾಣದ ಪಹರೆಯವರು ಬಂದು ಅವರನ್ನು ಆಸನದಿಂದ ಕಿತ್ತು ನಡುದಾರಿಯಲ್ಲಿ ಎಳೆದೊಯ್ದರು. ಮೂಗು ಮುರಿಯಿತು, ಎರಡು ಹಲ್ಲುಗಳು ಹೋದವು.

ಮರುದಿನ ಮುಖ್ಯಾಧಿಕಾರಿಯು ಹೊರಡಿಸಿದ ಹೇಳಿಕೆಯಲ್ಲಿ ಮೂಗಿನ ಮಾತೂ ಇಲ್ಲ, ಹಲ್ಲಿನ ಮಾತೂ ಇಲ್ಲ. ಪ್ರಯಾಣಿಕರಿಗೆ ಬೇರೆ ಅನುಕೂಲ ಕಲ್ಪಿಸಬೇಕಾಗಿ ಬಂದುದಕ್ಕೆ ಅವರು ಕ್ಷಮೆ ಕೋರಿದ್ದರು. ಅನುಕೂಲವಂತೆ! ನೌಕರರಿಗೆ ಬರೆದ ಪತ್ರದಲ್ಲಂತೂ ಪ್ರಯಾಣಿಕರೇ ಗಲಭೆಮಾಡಿದರೆಂದಿತ್ತು. ಸ್ಥಳಕ್ಕಿಂತ ಹೆಚ್ಚು ಟಿಕೆಟುಗಳು ಮಾರಾಟವಾಗಿದ್ದವೆಂದು ಮೊದಲು ಹೇಳಿದ ಕಂಪೆನಿಯು ಹಾಗಿರಲಿಲ್ಲವೆಂದು ಆಮೇಲೆ ತಾನೇ ಒಪ್ಪಿತು. ಲೋಕವೆಲ್ಲ ಛೀ ಎಂದ ಬಳಿಕ, 11ರಂದು, ಪೂರ್ಣ ಹೊಣೆ ತಮ್ಮದೆಂಬ ಮಾತು ಮುಖ್ಯಾಧಿಕಾರಿಯ ಬಾಯಿಂದ ಹೊರಟಿತು. ಸ್ವಂತ ಇಚ್ಛೆಯಿಂದ ಸ್ಥಳ ಬಿಟ್ಟುಕೊಡುವವರಿಗೆ 10,000 ಡಾಲರುಗಳವರೆಗೆ ಕೊಡುವೆವೆಂದು 27ರಂದು ಸಾರಿದರು. ಈ ಔದಾರ್ಯವು ಹದಿನೆಂಟು ದಿನ ಮುಂಚೆ ತೋರಿದ್ದರೆ ವೈದ್ಯರ ಮೂಗು ಉಳಿಯುತ್ತಿತ್ತು.

ಇಂತಹ ಭಾಷೆ ನಮ್ಮ ಮನೆಗಳಿಗೂ ಅಪರಿಚಿತವಲ್ಲ. "ತಾಂತ್ರಿಕ ಕಾರಣದಿಂದ ವಿಳಂಬವಾಗಿದೆ", "ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ". ವಿಳಂಬವಾಯಿತು, ಸರಿ, ಮಾಡಿದವರಾರು? ಕ್ರಿಯಾಪದವುಂಟು, ಕರ್ತೃವು ಮಾತ್ರ ನಾಪತ್ತೆ! ಬೀದಿಯ ಅಂಗಡಿಯಾತನು ಹುಳುಹಿಡಿದ ಬೇಳೆಯನ್ನು ಕೊಟ್ಟರೆ ಗೃಹಿಣಿಯು ಅವನ ಮುಖಕ್ಕೇ ಹೇಳಿ ಬದಲಾಯಿಸಿಕೊಂಡು ಬರುತ್ತಾಳೆ. ಮುಖವೇ ಇಲ್ಲದ ಕಂಪೆನಿಯೊಡನೆ ಆಕೆ ಏನು ಮಾಡಬೇಕು?

ನಮ್ಮಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಈಗ 2019ರ ಕಾಯಿದೆಯುಂಟು. ಅದರಂತೆ ಎರಡು ವರ್ಷಗಳೊಳಗಾಗಿ, ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನಿಡಬೇಕೆಂಬ ಕಟ್ಟೂ ಇಲ್ಲ. ಆದರೆ ದೂರವಾಣಿಯಲ್ಲಿ ಕೇಳಿದ ಸಬೂಬು ಗಾಳಿಗೆ ಹೋಗುತ್ತದೆ. ಅದನ್ನು ಬರಹದಲ್ಲಿಯೇ ಕೇಳಿ ಪಡೆದು, ರಸೀತಿಯೊಡನೆ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿರೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.